ಜ್ವಾಲಾಮುಖಿಯ ಮೇಲೆ ಬಾಡಿಗೆ ಮನೆ

ಯೆರವಡಾದಲ್ಲಿದ್ದೇನೆ ಎಂದು ಊರಲ್ಲಿ ಯಾರಿಗಾದರೂ ಹೇಳಿದರೆ ಮೊದಲು ಬರುವ ಪ್ರಶ್ನೆ, ‘ಯಾಕಪಾ, ಏನ್ ಮಾಡಿದ್ದಿ?’ ಪುಣೆಯ ಈ ಬಡಾವಣೆ ಜೈಲಿನ ಹೆಸರಾಗಿಯೇ ಕರ್ನಾಟಕವನ್ನು ತಲುಪಿದೆ. ಗಾಂಧೀಜಿ ಇಲ್ಲಿ ಸೆರೆಯಲ್ಲಿದ್ದರು, 1932ರ ಪುಣೆ ಒಪ್ಪಂದ ಇಲ್ಲಿಯೇ ಆಯಿತು ಎಂದು ಶಾಲೆಯಲ್ಲಿ ಓದಿದ್ದು ನೆನಪಿರುವವರು ಸ್ವಲ್ಪ ಗೌರವ ಕೊಡುತ್ತಾರೆ. ಉಳಿದವರಿಗೆ ಇಲ್ಲಿನ ಮಾನಸಿಕ ಆಸ್ಪತ್ರೆ ಗೊತ್ತು. ನಾನು ಇಲ್ಲಿಗೆ ಬಂದದ್ದು ಮೂರನೆಯ ಕಾರಣಕ್ಕೆ, ಸಾಫ್ಟ್‌ವೇರ್ ಕೆಲಸಕ್ಕೆ. ನದಿಯ ಈಚೆ ದಡದಲ್ಲಿ ಆಫೀಸು, ಅಲ್ಲಿಂದ ನಡೆದರೆ ಹದಿನೈದು ನಿಮಿಷಕ್ಕೆ ಬಾಡಿಗೆ ಮನೆ.

ಆಫೀಸಿನ ಕ್ಯಾಂಟೀನಿನಲ್ಲಿ ಈಚೆಗೆ ಕಮ್ಚಾಟ್ಕಾದ್ದೇ ಮಾತು. ರಷ್ಯಾದ ಪೂರ್ವ ತುದಿಯಲ್ಲಿ ಪೆಸಿಫಿಕ್ ಸಾಗರಕ್ಕೆ ಇಳಿಬಿದ್ದ ನಾಲಿಗೆಯಂತಿರುವ ಪರ್ಯಾಯ ದ್ವೀಪ ಅದು. 2025ರ ಜುಲೈ ಕೊನೆಯಲ್ಲಿ ಅದರ ಕರಾವಳಿಯ ಬಳಿ 8.8 ತೀವ್ರತೆಯ ಭೂಕಂಪವಾಯಿತು. ಅದರ ಬೆನ್ನಿಗೇ ಶತಮಾನಗಳಿಂದ ಸುಮ್ಮನೆ ಮಲಗಿದ್ದ ಕ್ರಾಶೆನಿನ್ನಿಕೋವ್ ಎಂಬ ಜ್ವಾಲಾಮುಖಿ ಎದ್ದು ಕೂತಿತು. ಆ ವಿಡಿಯೋಗಳನ್ನು ನೋಡಿದಾಗಿನಿಂದ ನಮ್ಮ ತಂಡದ ಇಬ್ಬರಿಗೆ ಅಲ್ಲಿಗೆ ಹೋಗಲೇಬೇಕೆಂಬ ಹುಚ್ಚು ಹತ್ತಿದೆ.

ಹುಚ್ಚು ಹತ್ತುವಂಥ ಜಾಗವೇ ಹೌದು. ಉದ್ದ ಸುಮಾರು 1250 ಕಿ.ಮೀ., ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ದೊಡ್ಡದು. ಜನ ಮಾತ್ರ ಮೂರು ಲಕ್ಷದ ಆಸುಪಾಸು. ನಮ್ಮ ವಿಜಯಪುರ ನಗರವೊಂದರಲ್ಲೇ ಅಷ್ಟು ಮಂದಿ ಇದ್ದಾರೆ. ಉಳಿದ ರಷ್ಯಾದಿಂದ ಅಲ್ಲಿಗೆ ರಸ್ತೆಯಿಲ್ಲ, ರೈಲಿಲ್ಲ. ಮಾಸ್ಕೋದಿಂದ ಎಂಟು ಗಂಟೆಗೂ ಹೆಚ್ಚು ಹೊತ್ತು ವಿಮಾನದಲ್ಲಿ ಕೂರಬೇಕು. ಸೋವಿಯತ್ ಕಾಲದಲ್ಲಿ ಸೈನ್ಯದ ನೆಲೆಯಾಗಿದ್ದರಿಂದ 1990ರವರೆಗೆ ಹೊರಗಿನವರಿಗೆ ಬಾಗಿಲೇ ತೆರೆದಿರಲಿಲ್ಲ. ಸುಮಾರು 30 ಜೀವಂತ ಜ್ವಾಲಾಮುಖಿಗಳಿವೆ; ಅವುಗಳಲ್ಲಿ ಹಿರಿಯನಾದ ಕ್ಲ್ಯುಚೆವ್‌ಸ್ಕಾಯಾ 4,700 ಮೀಟರ್ ಮೀರಿ ನಿಂತಿದೆ. ಬಿಸಿನೀರಿನ ಬುಗ್ಗೆಗಳ ಇಡೀ ಕಣಿವೆಯೊಂದಿದೆ. ತತ್ಯಾನಾ ಉಸ್ತಿನೋವಾ ಎಂಬ ಭೂವಿಜ್ಞಾನಿ ಸ್ಥಳೀಯ ಮಾರ್ಗದರ್ಶಿಯೊಬ್ಬನ ಜೊತೆ ಅದನ್ನು ಕಂಡದ್ದು 1941ರಲ್ಲಿ. ಇವತ್ತಿಗೂ ಪ್ರವಾಸಿಗಳು ಅಲ್ಲಿಗೆ ಹೆಲಿಕಾಪ್ಟರ್‌ನಲ್ಲೇ ಇಳಿಯುತ್ತಾರೆ. ಕೆಳಗೆ ಕೆರೆಯಲ್ಲಿ ಸಾಲ್ಮನ್ ಮೀನು ಹಿಡಿಯುವ ಕರಡಿಗಳು, ಹಿಂದೆ ಹಿಮದ ಟೊಪ್ಪಿಗೆ ಹಾಕಿಕೊಂಡ ಬೆಂಕಿಬೆಟ್ಟ. ಫೋಟೊಕ್ಕೆ ಇನ್ನೇನು ಬೇಕು?

ನನ್ನ ಎಂ.ಟೆಕ್ ರಿಮೋಟ್ ಸೆನ್ಸಿಂಗ್‌ನಲ್ಲಿ ಆದದ್ದು. ಎರಡು ವರ್ಷ ಉಪಗ್ರಹ ಚಿತ್ರಗಳಲ್ಲಿ ಕಲ್ಲು, ಮಣ್ಣು, ನೀರಿನ ಬಣ್ಣ ಬೇರ್ಪಡಿಸಿದ ಅಭ್ಯಾಸ. ಹಾಗಾಗಿ ಕ್ಯಾಂಟೀನಿನಲ್ಲಿ ನಾನು ಎತ್ತಿದ ತಕರಾರು ಒಂದೇ: ಇಷ್ಟೆಲ್ಲ ದುಡ್ಡು ಸುರಿದು ಜ್ವಾಲಾಮುಖಿಯ ಪರ್ಯಾಯ ದ್ವೀಪ ನೋಡಲು ಹೊರಟಿರುವವರು ಈಗ ಕುರ್ಚಿ ಹಾಕಿಕೊಂಡು ಊಟ ಮಾಡುತ್ತಿರುವುದು ಯಾವುದರ ಮೇಲೆ? ಅದೂ ಜ್ವಾಲಾಮುಖಿಯೇ, ನಾವಿರುವುದೂ ಪರ್ಯಾಯ ದ್ವೀಪವೇ. ಕಮ್ಚಾಟ್ಕಾದ ಬೆಟ್ಟಗಳನ್ನೆಲ್ಲ ಸೇರಿಸಿದರೂ ದಖನ್ನಿನ ಲಾವಾದ ಪಕ್ಕದಲ್ಲಿ ಅವು ಚಿಕ್ಕವು.

ಲೆಕ್ಕ ಹೀಗಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಬಿರಿಯಿತು. ಆ ಬಿರುಕುಗಳಿಂದ ಉಕ್ಕಿದ ಲಾವಾ ತೆರೆಯ ಮೇಲೆ ತೆರೆಯಾಗಿ ಹರಡಿತು. ಇಷ್ಟು ಕಾಲದ ಮಳೆಗಾಳಿಗೆ ಸವೆದು ಉಳಿದದ್ದೇ ಸುಮಾರು ಐದು ಲಕ್ಷ ಚದರ ಕಿ.ಮೀ. ಸಹ್ಯಾದ್ರಿಯ ಕಡೆ ಅದರ ದಪ್ಪ ಎರಡು ಕಿಲೋಮೀಟರಿಗೂ ಹೆಚ್ಚು. ಪಶ್ಚಿಮ ಘಟ್ಟದ ಕಡೆ ಉಕ್ಕಿದ ಲಾವಾ ಆಂಧ್ರದ ರಾಜಮಹೇಂದ್ರಿಯವರೆಗೆ, ಅಂದರೆ ಸಾವಿರ ಕಿ.ಮೀ.ನಷ್ಟು, ಹರಿದು ಹೋಗಿದೆ ಎಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಮಹಾರಾಷ್ಟ್ರದ ಬಹುಪಾಲು ಇದರ ಮೇಲಿದೆ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ದೊಡ್ಡ ಭಾಗವೂ ಇದರದೇ ತೆಕ್ಕೆಯಲ್ಲಿದೆ.

ಹಾಗಾದರೆ ಬೆಟ್ಟದ ತುದಿಯಲ್ಲಿ ಬಾಯಿ ಇರುವ ಶಂಕುವಿನಾಕಾರದ ಗುಡ್ಡ ಎಲ್ಲಿ ಎಂದು ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಕಮ್ಚಾಟ್ಕಾದಲ್ಲಿ ಪೆಸಿಫಿಕ್ ಸಾಗರದ ತಳ ಭೂಖಂಡದ ಅಡಿಗೆ ನುಗ್ಗುತ್ತದೆ. ಅದು ಆಳಕ್ಕೆ ಒಯ್ದ ನೀರಿನಿಂದ ಮೇಲಿನ ಬಂಡೆ ಕರಗುತ್ತದೆ, ಆ ಕರಗಿದ್ದು ಮಂದ, ಅದರೊಳಗೆ ಅನಿಲ ತುಂಬಿರುತ್ತದೆ. ಅದು ಸೀಟಿ ಕಟ್ಟಿಕೊಂಡ ಕುಕ್ಕರಿನಂತೆ ಸಿಡಿದು ಬೆಟ್ಟ ಕಟ್ಟುತ್ತದೆ. ನಮ್ಮದು ಒಲೆಯ ಮೇಲೆ ಮರೆತ ಹಾಲು. ಸಿಡಿಯಲಿಲ್ಲ, ಉಕ್ಕಿತು, ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಹರಿದದ್ದು ಆರುವ ಮೊದಲೋ ಆರಿದ ಮೇಲೋ ಇನ್ನೊಮ್ಮೆ ಉಕ್ಕಿತು. ಹೀಗಾಗಿ ದಖನ್ನಿನಲ್ಲಿ ಬೆಟ್ಟ ಎಂದರೆ ಕಟ್ಟಿದ್ದಲ್ಲ, ಸುತ್ತಲಿನದೆಲ್ಲ ಕೊಚ್ಚಿಹೋಗಿ ಉಳಿದ ತುಣುಕು. ಸಿಂಹಗಡ ಹತ್ತುವಾಗ ಒಂದು ಕಡಿದಾದ ಗೋಡೆ, ಒಂದು ಸಪಾಟು, ಮತ್ತೆ ಗೋಡೆ, ಮತ್ತೆ ಸಪಾಟು ಸಿಗುವುದು ಈ ಕಾರಣಕ್ಕೆ. ಪ್ರತಿ ಗೋಡೆಯೂ ಲಾವಾದ ಒಂದು ಪದರ. ಇದನ್ನು ‘ಟ್ರ್ಯಾಪ್’ ಎಂದು ಕರೆದದ್ದೂ ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ. ಮರಾಠರು ಕೋಟೆಗೆ ಆರಿಸಿಕೊಂಡ ಗುಡ್ಡಗಳಿಗೆ ಅರ್ಧ ಗೋಡೆಯನ್ನು ಲಾವಾ ಮೊದಲೇ ಕಟ್ಟಿಟ್ಟಿತ್ತು.

ಇದನ್ನು ಬೇಯಿಸಿದ ಒಲೆ ಇನ್ನೂ ಆರಿಲ್ಲ ಎಂಬುದು ನನಗೆ ಇಡೀ ಕತೆಯಲ್ಲಿ ಹೆಚ್ಚು ರೋಮಾಂಚನದ ಸಂಗತಿ. ಭೂಮಿಯ ಆಳದ ಆ ಬಿಸಿ ತಾಣ ಈಗ ಇರುವುದು ಹಿಂದೂ ಮಹಾಸಾಗರದಲ್ಲಿ, ಮಾರಿಷಸ್ ಪಕ್ಕದ ರಿಯೂನಿಯನ್ ದ್ವೀಪದ ಕೆಳಗೆ. ಅಲ್ಲಿನ ಜ್ವಾಲಾಮುಖಿ ಈಗಲೂ ಪದೇ ಪದೇ ಕೆಂಡ ಕಾರುತ್ತದೆ. ಒಲೆ ಇದ್ದಲ್ಲೇ ಇದೆ, ಭಾರತವೆಂಬ ಪಾತ್ರೆ ಉತ್ತರಕ್ಕೆ ಸರಿದು ಬಂದಿದೆ.

ನಮ್ಮೂರು ಇಂಡಿ ತಾಲ್ಲೂಕಿನಲ್ಲಿ, ಭೀಮಾ ದಂಡೆಗೆ. ಅಲ್ಲಿ ಯಾರೂ ಲಾವಾ ಎನ್ನುವುದಿಲ್ಲ, ಎರಿ ಎನ್ನುತ್ತಾರೆ. ಈ ಕರಿಗಲ್ಲು ಲಕ್ಷಾಂತರ ವರ್ಷ ಕೊಳೆತು ಪುಡಿಯಾದದ್ದೇ ಎರೆಮಣ್ಣು. ಅದರಲ್ಲಿರುವ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಿಂಗಾರಿಗೆ ಒಂದು ಹನಿ ಮಳೆ ಬೀಳದಿದ್ದರೂ ಬಿಳಿಜೋಳ ಎದೆಯೆತ್ತರ ಬರುವುದು ಆ ಮಣ್ಣು ಒಳಗೆ ಹಿಡಿದಿಟ್ಟ ನೀರಿನಿಂದ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆಯ ಹಿಂದೆ ಇರುವುದೂ ಇದೇ ಮಣ್ಣು. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಡುವುದನ್ನು ನೋಡಿದವರಿಗೆ ಗೊತ್ತು, ಬಿರುಕುಗಳು ಐದು ಮೂಲೆ, ಆರು ಮೂಲೆಯ ತುಂಡುಗಳಾಗಿ ಕೂಡಿಕೊಳ್ಳುತ್ತವೆ. ಲಾವಾ ಆರುವಾಗಲೂ ಅದೇ ಆಗುತ್ತದೆ. ಮೇಲ್ಮೈ ಕುಗ್ಗಿ ಬಿರುಕು ಬಿಡುತ್ತದೆ, ಬಿರುಕು ಕೆಳಗಿಳಿಯುತ್ತ ಹೋಗಿ ಕಂಬಗಳ ಸಾಲಾಗುತ್ತದೆ. ಮುಂಬೈಯ ಅಂಧೇರಿಯಲ್ಲಿ ಅಪಾರ್ಟ್‌ಮೆಂಟುಗಳ ನಡುವೆ ಒಂಟಿಯಾಗಿ ನಿಂತಿರುವ ಗಿಲ್ಬರ್ಟ್ ಹಿಲ್ ಅಂಥ ಕಂಬಗಳ ಗುಡ್ಡ, ಸುಮಾರು 60 ಮೀಟರ್ ಎತ್ತರ. ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿರುವುದೂ ಕಂಬಗಳೇ, ಆದರೆ ಅವು ಬೇರೆ ಮನೆತನದವು. ಮಡಗಾಸ್ಕರ್ ಭಾರತದಿಂದ ಬಿಡಿಸಿಕೊಂಡು ಹೋಗುವ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ. ಅಲ್ಲಿಗೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ನೆನಪಿರಲಿ.

ಈ ಕಲ್ಲಿನ ಗುಣವನ್ನು ಅತ್ಯಂತ ಚೆನ್ನಾಗಿ ಅರಿತಿದ್ದವರು ಕನ್ನಡ ನಾಡಿನ ಅರಸರ ಶಿಲ್ಪಿಗಳು ಎಂದು ನಾನು ಇಲ್ಲಿನ ಗೆಳೆಯರ ಮುಂದೆ ಸ್ವಲ್ಪ ಎದೆಯುಬ್ಬಿಸಿಯೇ ಹೇಳುತ್ತೇನೆ. ಎಲ್ಲೋರಾದ ಕೈಲಾಸ ದೇವಾಲಯ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು, 8ನೇ ಶತಮಾನ. ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು ಶಿಖರ ಮೊದಲು, ಪಾಯ ಕೊನೆಗೆ ಮಾಡಿದ ಗುಡಿ. ನಡುವೆ ಒಂದು ಕಡೆ ಕಲ್ಲು ಕೈಕೊಟ್ಟಿದ್ದರೂ ಮುಗಿಯಿತು, ಬೇರೆ ಕಲ್ಲು ತಂದು ಕೂಡಿಸುವ ಮಾತೇ ಇಲ್ಲ. ದಪ್ಪನಾದ, ಒಂದೇ ಹದದ ಲಾವಾ ಪದರಗಳು ಸಿಕ್ಕಿದ್ದರಿಂದಲೇ ಆ ಧೈರ್ಯ ಸಾಧ್ಯವಾಯಿತು. ಪುಣೆಯ ಜಂಗಲಿ ಮಹಾರಾಜ ರಸ್ತೆಯ ಗದ್ದಲದ ನಡುವೆ, ನೆಲಮಟ್ಟಕ್ಕಿಂತ ಕೆಳಗೆ ಇಳಿದು ಹೋಗುವ ಪಾತಾಳೇಶ್ವರ ಗುಹೆಯೂ ರಾಷ್ಟ್ರಕೂಟರ ಕಾಲದ್ದೇ. ಅದರ ದುಂಡನೆಯ ನಂದಿಮಂಟಪದಲ್ಲಿ ಮಧ್ಯಾಹ್ನ ಕೂತರೆ ಏ.ಸಿ. ಬೇಡ. ವಿಜಯಪುರದ ಗೋಳಗುಮ್ಮಟಕ್ಕೂ ಇದೇ ಕರಿಗಲ್ಲು.

ಇಷ್ಟಿದ್ದೂ ಈ ಸೀಮೆಯಲ್ಲಿ ಪ್ರವಾಸ ಎಂದರೆ ದೇವರು, ಕೋಟೆ, ಜಲಪಾತ. ಸಿಂಹಗಡದ ತುದಿಯಲ್ಲಿ ಪಿಠಲ-ಭಾಕರಿ ತಿಂದು ಬಂದವರಿಗೆ ತಾನಾಜಿಯ ಕತೆ ಗೊತ್ತಿರುತ್ತದೆ. ಗೊತ್ತಿರಬೇಕು ಕೂಡ. ಆದರೆ ತಾವು ಕೂತದ್ದು ಲಾವಾದ ಮೇಲೆ ಎಂದು ಹೇಳುವ ಒಂದು ಫಲಕವನ್ನೂ ನಾನು ಅಲ್ಲಿ ಕಂಡಿಲ್ಲ. ಕಮ್ಚಾಟ್ಕಾದವರಿಗೆ ತಮ್ಮ ಬೆಂಕಿ ಮಾರಲು ಬರುತ್ತದೆ. ನಮಗೆ ನಮ್ಮ ಬೆಂಕಿ ಟನ್ ಲೆಕ್ಕದಲ್ಲಿ ಮಾತ್ರ ಮಾರಲು ಬರುತ್ತದೆ.

ಅದನ್ನು ನೋಡಬೇಕಾದರೆ ಯೆರವಡಾದಿಂದ ನಗರ ರಸ್ತೆಯಲ್ಲಿ ಅರ್ಧ ಗಂಟೆ ಹೋದರೆ ಸಾಕು, ಟ್ರಾಫಿಕ್ ಇಲ್ಲದಿದ್ದರೆ! ವಾಘೋಲಿ ಬರುತ್ತದೆ. ಪುಣೆಯ ಐ.ಟಿ. ಕಟ್ಟಡಗಳಿಗೆ ಖಡಿ ಪೂರೈಸಿದ ಕಲ್ಲು ಗಣಿಗಳ ಊರು. ಜಗತ್ತಿನ ಖನಿಜ ಸಂಗ್ರಾಹಕರಿಗೆ ಇದೇ ಊರು ಇನ್ನೊಂದು ಕಾರಣಕ್ಕೆ ಗೊತ್ತು. ಲಾವಾದೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳಲ್ಲಿ ಆಮೇಲೆ ಬಿಸಿನೀರು ಇಳಿದು ಹರಳು ಕಟ್ಟುತ್ತದೆ. ಬಿಳಿ, ಗುಲಾಬಿ ಬಣ್ಣದ ಸ್ಟಿಲ್ಬೈಟ್, ಗಾಜಿನಂಥ ಅಪೊಫಿಲೈಟ್. ಇವುಗಳ ನಡುವೆ ವಾಘೋಲಿಯಲ್ಲಿ ಸಿಕ್ಕಿದ್ದು ಕಡುನೀಲಿಯ ಕ್ಯಾವನ್ಸೈಟ್. ಕ್ಯಾಲ್ಸಿಯಂ, ವೆನೇಡಿಯಂ, ಸಿಲಿಕಾನ್‌ಗಳ ಹೆಸರು ಕೂಡಿಸಿ ಇಟ್ಟ ಹೆಸರು. ಮೊದಲು ಗುರುತಿಸಿದ್ದು 1960ರ ದಶಕದಲ್ಲಿ ಅಮೆರಿಕದ ಒರೆಗಾನ್‌ನಲ್ಲಿ, ಆದರೆ ಅದರ ಅತ್ಯುತ್ತಮ ಮಾದರಿಗಳೆಲ್ಲ 1980ರ ದಶಕದ ಕೊನೆಯಿಂದೀಚೆಗೆ ವಾಘೋಲಿಯಿಂದ ಹೋದವು. ಅದರ ಚಿತ್ರ ಒಮ್ಮೆ ಹುಡುಕಿ ನೋಡಿ. ಬಿಳಿ ಹರಳಿನ ಮೇಲೆ ನೀಲಿ ದಾಸವಾಳದ ಮೊಗ್ಗು ಕೂತಂತಿರುತ್ತದೆ.

ಒಂದು ಭಾನುವಾರ ಆ ಕಡೆ ಹೋದಾಗ ಗಣಿಯ ಹೊರಗಿನ ಚಹಾ ಅಂಗಡಿಯಲ್ಲಿ ಕನ್ನಡ ಕಿವಿಗೆ ಬಿತ್ತು. ಅಫಜಲಪುರ ಕಡೆಯ ಹಿರಿಯರೊಬ್ಬರು, ಕಲ್ಲೊಡೆಯುವ ಕೆಲಸದಲ್ಲೇ ಕೂದಲು ಬೆಳ್ಳಗಾದವರು. ನೀಲಿ ಹರಳಿನ ಬಗ್ಗೆ ಕೇಳಿದೆ.

‘ಹೌದ್ರೀ ಸಾಹೇಬ್ರ, ನಾ ಕಂಡೀನಿ. ಮದ್ಲ ನಮಗೇನ್ ಗೊತ್ರೀ, ಬಣ್ಣದ ಕಲ್ಲ ಅಂತ ಹುಡುಗ್ರು ಆಡ್ಲಿಕ್ಕೆ ಒಯ್ತಿದ್ರು. ಆಮ್ಯಾಲ ಕಾರಿನ್ಯಾಗ ಮಂದಿ ಬರಾಕ ಹತ್ತಿದ್ರು.’

‘ಈಗ ಸಿಗ್ತದೇನ್ರೀ?’

‘ಈಗ ಮಷೀನ್ ಬಂದಾವಲ್ರೀ. ಅದಕ್ಕ ಕಣ್ಣ ಎಲ್ಲದ?’

ನನ್ನ ಬಾಡಿಗೆ ಮನೆಯ ಕಾಂಕ್ರೀಟಿನಲ್ಲಿ, ಆಫೀಸಿನ ಕಂಬಗಳಲ್ಲಿ, ಮೆಟ್ರೋ ಪಿಲ್ಲರುಗಳಲ್ಲಿ ಎಷ್ಟು ನೀಲಿ ಪುಡಿಯಾಗಿದೆಯೋ. ಕಲ್ಲು ತೆಗೆಯಲೇಬಾರದು ಎಂದು ಹತ್ತನೇ ಮಹಡಿಯಲ್ಲಿ ಕೂತು ಹೇಳುವ ಆಸಾಮಿ ನಾನಲ್ಲ. ಆದರೆ ಒಂದು ಗಣಿಯ ಒಂದು ಮೂಲೆಯನ್ನಾದರೂ ಹಾಗೇ ಬಿಟ್ಟು, ಬೇಲಿ ಹಾಕಿ, ಟಿಕೆಟ್ ಇಟ್ಟು, ಆ ಹಿರಿಯರಂಥವರನ್ನೇ ಕೂಡಿಸಿ ತೋರಿಸಿದರೆ ಜನ ಬರುತ್ತಾರೆ. ಕಾರಿನಲ್ಲಿ ಬಂದವರೇ ಅದಕ್ಕೆ ಸಾಕ್ಷಿ.

ಈ ಮಾತು ನನಗೆ ಈಗ ಬರೀ ಪ್ರವಾಸದ ಮಾತಾಗಿ ಉಳಿದಿಲ್ಲ. ಊರಲ್ಲಿ ನಮ್ಮದು ಎರೆ ಹೊಲದ ಮೇಲುಗಡೆ ನಾಲ್ಕು ಎಕರೆ ಮಡ್ಡಿ ಇದೆ. ಮಣ್ಣು ಗೇಣುದ್ದ, ಕೆಳಗೆಲ್ಲ ಕಲ್ಲು. ದನ ಮೇಯುವುದಕ್ಕೆ ಬಿಟ್ಟರೆ ಉಪಯೋಗವಿಲ್ಲ. ರಸ್ತೆ ಕೆಲಸಕ್ಕೆ ಖಡಿ ಬೇಕೆಂದು ಅದನ್ನು ಲೀಸಿಗೆ ಕೇಳುವವರು ಬಂದಿದ್ದಾರೆ. ತಮ್ಮನಿಗೆ ಟ್ರ್ಯಾಕ್ಟರ್ ಸಾಲವಿದೆ, ಅವನು ಕೊಡೋಣ ಎನ್ನುತ್ತಾನೆ. ಅಪ್ಪ ಫೋನಿನಲ್ಲಿ ನನ್ನನ್ನು ಕೇಳಿದ, ‘ನೀ ಕಲ್ಲಿನ ಬಗ್ಗೆ ಓದೀಯಲ್ಲ, ಏನಂತಿ?’

ನಾನು ಒಂದು ಚಿತ್ರ ಬರೆದು ಕಳಿಸಿದೆ. ಈ ಕರಿಗಲ್ಲಿನಲ್ಲಿ ನೀರು ಎಲ್ಲ ಕಡೆ ಇರುವುದಿಲ್ಲ. ಗಟ್ಟಿ ಪದರದಲ್ಲಿ ಬಿರುಕು ಇದ್ದಷ್ಟೇ ನೀರು, ಎರಡು ಪದರಗಳ ಸಂದಿನ ಗುಳ್ಳೆಗಲ್ಲಿನಲ್ಲಿ ಸ್ವಲ್ಪ ಹೆಚ್ಚು. ನಮ್ಮ ಬಾವಿಗೆ ಒರತೆ ಬರುವುದು ಅಂಥ ಒಂದು ಸಂದಿನಿಂದ, ಅದೂ ಮಡ್ಡಿಯ ಕಡೆಯಿಂದ. ಗಣಿ ಆ ಸಂದಿಗಿಂತ ಕೆಳಗಿಳಿದರೆ ನೀರು ಬಾವಿಗೆ ಬರುವ ಮೊದಲೇ ಗಣಿಯ ಗುಂಡಿಗೆ ಸೋರುತ್ತದೆ. ಅಪ್ಪನಿಗೆ ಚಿತ್ರ ತೋರಿಸುವುದೇ ಬೇಕಿರಲಿಲ್ಲ. ‘ಗೊತ್ತಾತ್ ಬಿಡು, ಝರಿ ಆ ಕಡಿಂದನ ಬರ್ತದ’ ಎಂದ. ತಮ್ಮ ಮಾತ್ರ ಬೇರೆ ಲೆಕ್ಕ ಮುಂದಿಟ್ಟ: ‘ಅಣ್ಣಾ, ಬ್ಯಾಂಕಿನವ್ರಿಗೆ ಈ ಚಿತ್ರ ತೋರಿಸ್ಲೇನು?’ ಮಾತು ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಈ ಕಂತು ನಾನು ಕಟ್ಟುತ್ತಿದ್ದೇನೆ.

ಯೆರವಡಾದಿಂದ ಊರಿಗೆ ಕಲ್ಲಿನ ನಂಟು ಮಾತ್ರವಲ್ಲ, ನೀರಿನ ನಂಟೂ ಇದೆ. ದಖನ್ನಿನ ಈ ಲಾವಾ ಹಲಗೆ ಪೂರ್ವಕ್ಕೆ ವಾಲಿರುವುದರಿಂದ ಅರಬ್ಬಿ ಸಮುದ್ರಕ್ಕೆ ಅಷ್ಟು ಹತ್ತಿರದಲ್ಲಿ ಹುಟ್ಟಿಯೂ ಇಲ್ಲಿನ ನದಿಗಳು ಆ ಕಡೆ ಹೋಗುವುದಿಲ್ಲ. ನಮ್ಮ ಆಫೀಸಿನ ಬದಿಯ ಮುಳಾ-ಮುಠಾ ಹರಿದು ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಅಣೆಕಟ್ಟು, ಪಂಢರಪುರ ದಾಟಿ ನಮ್ಮೂರ ದಂಡೆಗೆ ಬರುತ್ತದೆ. ಉಜನಿಯಿಂದ ನೀರು ಬಿಟ್ಟರು ಎಂಬ ಸುದ್ದಿ ನನಗೆ ಪುಣೆಯ ಪತ್ರಿಕೆಗಿಂತ ಮೊದಲು ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಿಗುತ್ತದೆ. ಮುಳಾ-ಮುಠೆಯ ಬಣ್ಣ ಮತ್ತು ವಾಸನೆಯ ವಿಷಯವನ್ನು ಮಾತ್ರ ನಾನು ಊರಲ್ಲಿ ಎತ್ತುವುದಿಲ್ಲ.

ನೀವು ಪುಣೆಯಲ್ಲಿದ್ದರೆ, ಅಥವಾ ಬಂಧುಗಳ ಮನೆಗೆ ಬರುವವರಿದ್ದರೆ, ಒಂದು ದಿನವನ್ನು ಭೀಮೆಯ ಇನ್ನೊಂದು ಉಪನದಿಯಾದ ಘೋಡ್‌ಗೆ ಸೇರುವ ಕುಕಡಿಗೆ ಕೊಡಿ. ಆ ನದಿಯ ದಂಡೆಯಲ್ಲಿ, ಜುನ್ನರ್ ತಾಲ್ಲೂಕಿನ ಬೋರಿ ಎಂಬ ಊರಲ್ಲಿ, ಹಳೆಯ ಮಣ್ಣಿನ ಪದರಗಳ ನಡುವೆ ಬೆಳ್ಳನೆಯ ಬೂದಿಯ ಪದರವೊಂದಿದೆ. ಅದು ದಖನ್ನಿನ ಬೂದಿಯಲ್ಲ, ಇಂಡೋನೇಷ್ಯಾದ ಸುಮಾತ್ರಾದಲ್ಲಿರುವ ಟೋಬಾದ್ದು. 74 ಸಾವಿರ ವರ್ಷಗಳ ಹಿಂದಿನ ಅದರ ಮಹಾಸ್ಫೋಟದ ಬೂದಿಯೋ, ಅದಕ್ಕಿಂತ ಬಹಳ ಹಳೆಯದೋ ಎಂದು ವಿದ್ವಾಂಸರ ನಡುವೆ ದಶಕಗಳ ಕಾಲ ವಾದ ನಡೆದಿದೆ. ಇದನ್ನು ಜಗತ್ತಿನ ಗಮನಕ್ಕೆ ತಂದವರಲ್ಲಿ ಯೆರವಡಾದ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞರಿದ್ದರು. ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರ್ ಆ ಅಧ್ಯಯನದ ಮುಖ್ಯ ಹೆಸರುಗಳಲ್ಲಿ ಒಬ್ಬರು. ಆಗ ಕರ್ನೂಲು ಜಿಲ್ಲೆಯಲ್ಲಿದ್ದ ಜ್ವಾಲಾಪುರಂನಲ್ಲೂ ಟೋಬಾ ಬೂದಿಯ ಕೆಳಗೆ ಮತ್ತು ಮೇಲೆ ಶಿಲಾಯುಗದ ಕಲ್ಲಿನ ಆಯುಧಗಳು ಸಿಕ್ಕ ಸಂಗತಿಯನ್ನು ಅವರಿದ್ದ ತಂಡ 2007ರಲ್ಲಿ ಪ್ರಕಟಿಸಿತು. ಅಷ್ಟು ದೊಡ್ಡ ಸ್ಫೋಟದ ನಂತರವೂ ಜನ ಅಲ್ಲೇ ಬದುಕಿದ್ದರು ಎಂಬುದು ಅವರ ವಾದ. ಊರಿನ ಹೆಸರು ನೋಡಿ, ಯಾರೋ ಗೊತ್ತಿದ್ದೇ ಇಟ್ಟಂತಿದೆ.

ಬೋರಿಯ ಬೂದಿಯನ್ನು ಗುರುತಿಸಲು ಗೊತ್ತಿದ್ದವರ ಜೊತೆ ಬೇಕು. ಅದೇ ಕುಕಡಿಯ ಕೆಳಹರಿವಿನ ನಿಘೋಜ್‌ಗೆ ಯಾರೂ ಬೇಡ. ನಗರ ರಸ್ತೆಯಲ್ಲಿ ಶಿರೂರಿನವರೆಗೆ ಹೋಗಿ ಎಡಕ್ಕೆ ಹೊರಳಬೇಕು. ಮಳೆಗಾಲದಲ್ಲಿ ಏನೂ ಕಾಣುವುದಿಲ್ಲ, ಅಪಾಯವೂ ಹೌದು. ನೀರು ಇಳಿದ ಮೇಲೆ, ಡಿಸೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ. ನದಿಯ ಪಾತ್ರವೆಲ್ಲ ಕರಿಗಲ್ಲಿನ ಹಾಸು, ಅದರ ತುಂಬ ಒಂದಾಳು ಇಳಿದರೂ ಕಾಣದಷ್ಟು ಆಳದ ದುಂಡನೆಯ ಗುಂಡಿಗಳು. ಮರಾಠಿಯಲ್ಲಿ ರಾಂಜಣ್‌ಖಳಗೆ ಎನ್ನುತ್ತಾರೆ. ರಾಂಜಣ್ ಎಂದರೆ ನಮ್ಮ ರಂಜಣಗಿಯೇ, ನೀರಿನ ದೊಡ್ಡ ಮಡಕೆ. ಕಳೆದ ಜನವರಿಯಲ್ಲಿ ಅಪ್ಪ-ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಸೇತುವೆಯ ಮೇಲೆ ನಿಂತು ಅವ್ವ ಮರಾಠಿ ಬೋರ್ಡು ಓದುವ ಮೊದಲೇ, ‘ಅಯ್ಯ, ರಂಜಣಗಿ ಇದ್ದಂಗ ಅದಾವಲ್ಲೋ!’ ಎಂದಳು.

ರೊಟ್ಟಿ ಕಟ್ಟಿಕೊಂಡು ಹೋಗಿದ್ದೆವು, ಮಳಗಂಗಾ ಗುಡಿಯ ನೆರಳಲ್ಲಿ ಬಿಚ್ಚಿದೆವು. ಆಮೇಲೆ ಅಪ್ಪ ಅಂಚಿನ ಚಿಕ್ಕದೊಂದು ಗುಂಡಿಯ ಬಳಿ ಕುಕ್ಕರಗಾಲಲ್ಲಿ ಕೂತು ಒಳಗೆ ಕೈ ಹಾಕಿದ. ತಳದಲ್ಲಿ ಲಿಂಬೆಹಣ್ಣಿನಷ್ಟು ದೊಡ್ಡ, ನುಣ್ಣಗೆ ಸವೆದ ಕಲ್ಲುಗಳಿದ್ದವು. ಮಳೆಗಾಲದ ಸುಳಿಯಲ್ಲಿ ಇವೇ ಗರಗರ ತಿರುಗಿ ತಿರುಗಿ ಇಷ್ಟು ದೊಡ್ಡ ಗುಂಡಿ ಕೊರೆದಿವೆ ಎಂದು ನಾನು ವಿವರಿಸಿದೆ. ಅವ್ವ ಒಂದನ್ನು ದೇವರ ಜಗಲಿಗೆ ಒಯ್ಯೋಣವೆಂದು ಸೆರಗಿಗೆ ಕಟ್ಟಿಕೊಳ್ಳಲು ಹೊರಟಳು. ಅಪ್ಪ ಅವಳ ಕೈಯಿಂದ ಕಲ್ಲು ಈಸಿಕೊಂಡು, ಅಂಗೈಯಲ್ಲಿ ಹೊರಳಾಡಿಸಿ ನೋಡಿ, ಮೆಲ್ಲಗೆ ಗುಂಡಿಗೇ ಬಿಟ್ಟ.

‘ಒಯ್ಯಬ್ಯಾಡ. ಅದು ಇನ್ನಾ ಕೆಲಸದಾಗ ಅದ.’